ಜಾಲಿ ಕೆರೆಯ ಎಮ್ಮೆದೋಣಿ

ಮೊನ್ನೆ ತರೀಕೆರೆಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಹಿಂದಿನ ಷೆಡ್ಡಿನಿಂದ ರೆಸಿನ್ ಅಂಟಿನ ವಾಸನೆ ಬಂತು. ಬಚ್ಚಲುಮನೆಗೆ ಫೈಬರ್ ಬಾಗಿಲು ಮಾಡುವ ಷೆಡ್ಡು ಅದು. ವಾಸನೆ ಬಡಿದದ್ದೇ ತಡ, ಮೂಗು ಹಿಡಿದುಕೊಂಡೆ. ಪಕ್ಕದಲ್ಲಿ ಸುಟ್ಟ ಜೋಳ ತಿನ್ನುತ್ತಿದ್ದ ಹೆಂಗಸೊಬ್ಬಳು ನನ್ನ ಮುಖ ನೋಡಿ ಅತ್ತ ಸರಿದು ಕೂತಳು. ಅವಳನ್ನು ನೋಡಿ ನಾನು ಮುಖ ಕಿವುಚಿದೆ ಅಂದುಕೊಂಡಳೋ ಏನೋ. ಮೂರು ವರ್ಷದ ಹಿಂದೆ ಒಂದು ಮಳೆಗಾಲವಿಡೀ ಈ ವಾಸನೆ ನನ್ನ ಬೆರಳಿನಲ್ಲಿತ್ತು, ಅಂಗಿಯಲ್ಲಿತ್ತು, ತಿನ್ನುವ ರೊಟ್ಟಿಯಲ್ಲೂ ಇತ್ತು. ಈಗ ಅದು ಸೋಕಿದರೆ ಸಾಕು, ಆ ಮಳೆಗಾಲದ ನನ್ನನ್ನು ನೆನೆಸಿಕೊಂಡು ನನಗೇ ಹೇಸಿಗೆಯಾಗುತ್ತದೆ.

ನಾನು ಹದಿನೈದು ವರ್ಷ ನೌಕಾಪಡೆಯಲ್ಲಿದ್ದು ಊರಿಗೆ ಮರಳಿದವನು. ಅಜ್ಜಂಪುರದಲ್ಲಿ ಲಾರಿಗಳಿಗೆ ಟಾರ್ಪಾಲು ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಸಮುದ್ರ ನೋಡಿದ ಕಣ್ಣಿಗೆ ಈ ಸೀಮೆಯಲ್ಲಿ ಸಿಕ್ಕ ನೀರೆಂದರೆ ದೇವನೂರು ಕಡೆಯಲ್ಲಿರುವ ನಮ್ಮ ಗಿರಿಜಕ್ಕನ ಊರಿನ ಕೆರೆ. ಅದೂ ಎಷ್ಟೋ ವರ್ಷ ಒಣಗಿ ಬಾಯಿಬಿಟ್ಟುಕೊಂಡಿತ್ತು. ಒಳಗೆಲ್ಲ ಬಳ್ಳಾರಿ ಜಾಲಿ ಬೆಳೆದು, ಅಕ್ಕನ ಗಂಡ ಮರುಳಪ್ಪ ಭಾವ ಅದರ ಸಂದಿಯಲ್ಲೇ ದನ ಮೇಯಿಸುತ್ತಿದ್ದರು. ಆಮೇಲೊಂದು ವರ್ಷ ಮಳೆ ಹುಚ್ಚು ಹಿಡಿದ ಹಾಗೆ ಸುರಿದು ಕೆರೆ ತುಂಬಿತು. ಜಾಲಿ ಕಡಿಸುವ ಪುರಸೊತ್ತು ಯಾರಿಗೂ ಇರಲಿಲ್ಲ. ಬೊಡ್ಡೆ, ಮುಳ್ಳು ಎಲ್ಲ ನಿಂತಲ್ಲೇ ಮುಳುಗಿದವು.

ಆ ವರ್ಷವೇ ನಾನು ಒಂದು ಜೋಡಿದೋಣಿ ಕಟ್ಟಿದೆ. ದಪ್ಪ ಪ್ಲೈವುಡ್ಡಿನ ಎರಡು ಉದ್ದನೆಯ ಕಿರುದೋಣಿ, ಹೊರಮೈಗೆ ಡಾಂಬರು. ಎರಡನ್ನೂ ಪಕ್ಕಪಕ್ಕ ಇಟ್ಟು, ಸರ್ವೆ ಗಳ ಅಡ್ಡ ಹಾಕಿ, ನೈಲಾನ್ ಹಗ್ಗದಿಂದ ಬಿಗಿದು, ಮೇಲೆ ಹಲಗೆ ಹಾಸಿದ್ದೆ. ಹಾಯಿಗೆ ಲಾರಿಯ ಹಸಿರು ಟಾರ್ಪಾಲು. ಕಟಮರಾನ್ ಎಂದರೆ ಇದೇ, ಎರಡು ಒಡಲು ಇರುವುದರಿಂದ ಮಗುಚುವುದಿಲ್ಲ, ಹಾಗೆ ಹೀಗೆ ಎಂದು ನಾನು ಭಾಷಣ ಬಿಗಿಯುತ್ತಿದ್ದರೆ ಅಕ್ಕ ಡಾಂಬರಿನ ಮೈ ನೋಡಿ, "ಎಮ್ಮೆ ಕಣೋ ಇದು. ನೀರಲ್ ಬಿದ್ಕಂಡಿರೋ ಎಮ್ಮೆ" ಅಂದಳು. ಹೆಸರು ನಿಂತುಬಿಟ್ಟಿತು.

ಎಮ್ಮೆ ಹೋಗುತ್ತಿದ್ದುದೂ ಎಮ್ಮೆಯ ಹಾಗೆಯೇ. ಅವಸರವಿಲ್ಲ. ನಾನು ಹಿಂದೆ ಚುಕ್ಕಾಣಿ ಹಿಡಿದರೆ ಅಕ್ಕ ನಡುವೆ ಸೀರೆ ಮಡಚಿಕೊಂಡು ಕೂರುತ್ತಿದ್ದಳು. ಭಾವ ಮುಂದೆ ಎಲೆಅಡಿಕೆ ಮೆಲ್ಲುತ್ತಾ ದಾರಿ ಹೇಳುತ್ತಿದ್ದರು. "ಬಲಕ್ಕೆ ತಗಳಪ್ಪಾ, ಇಲ್ ನಮ್ ಕೆಂದನ ಕೊಂಬು ಸಿಕ್ಕಾಕ್ಕಂಡಿದ್ದ ಜಾಲಿ ಐತೆ. ಹ್ಞಾ, ಈಗ ಸೀದಾ ಬಿಡು, ಇದು ನಾನ್ ಮಧ್ಯಾಹ್ನ ಮಲಗ್ತಿದ್ದ ಜಾಗ." ಮೇಲೆ ಬರೀ ನೀರು. ಆ ಮನುಷ್ಯನಿಗೆ ಕೆಳಗಿನ ಒಂದೊಂದು ಮರವೂ ಕಾಣುತ್ತಿತ್ತು. ಒಮ್ಮೊಮ್ಮೆ ಅವರೂ ತಪ್ಪುತ್ತಿದ್ದರು. ಆಗ ಬೊಡ್ಡೆಯೊಂದು ಎಮ್ಮೆಯ ಹೊಟ್ಟೆಗೆ ಕರಕರ ಉಜ್ಜಿಕೊಂಡು ಹಿಂದೆ ಸರಿಯುತ್ತಿತ್ತು, ಅಷ್ಟೆ. ದಡಕ್ಕೆ ಬಂದಮೇಲೆ ಗಾಯಕ್ಕೆ ಗೋಣಿಬಟ್ಟೆ ಹಚ್ಚಿ ಡಾಂಬರು ಬಳಿದರೆ ಮುಗಿಯಿತು.

ಕೆರೆ ಕೋಡಿ ಬಿದ್ದಾಗ ಹೆಂಗಸರು ಗಂಗಮ್ಮನಿಗೆ ಮೊರದ ಬಾಗಿನ ಕೊಡುವುದು ನಮ್ಮಲ್ಲಿ ಎಲ್ಲ ಊರಲ್ಲೂ ಉಂಟು. ಆದರೆ ಏರಿಯ ಮೇಲೆ ನಡೆಯುವುದನ್ನು ನೋಡಬೇಕು, ಅಸಹ್ಯ. ಈ ಕಡೆಯಿಂದ ಬಾಗಿನ ಬಿಡುತ್ತಿದ್ದ ಹಾಗೇ ಆ ಕಡೆ ಚಡ್ಡಿ ಹಾಕಿಕೊಂಡು ಕಾದಿದ್ದವರು ಈಜಿ ಬಂದು ಕಾಯಿ, ರವಿಕೆ ಕಣ ಬಾಚಿಕೊಳ್ಳುತ್ತಾರೆ. ಉಳಿದ ಮೊರ ಪ್ಲಾಸ್ಟಿಕ್ ಕವರು, ಬಿಯರ್ ಬಾಟಲಿ, ಕೊಳೆತ ಹೂವಿನ ನಡುವೆ ನಾಲ್ಕು ದಿನ ನಾರುತ್ತಾ ಬಿದ್ದಿರುತ್ತದೆ. ಹಾಗಾಗಿ ಮೊದಲ ವರ್ಷವೇ ಅಕ್ಕ, "ನಂಗೆ ಕೆರೆ ನಡುವೆ ಕೈಯಾರೆ ಇಳಿಸ್ಬೇಕು ಕಣೋ" ಅಂದಿದ್ದಳು. ಎಮ್ಮೆಯ ಮೇಲೆ ಕರೆದುಕೊಂಡು ಹೋದೆ. ಎರಡು ವರ್ಷ ಹಾಗೇ ನಡೆಯಿತು. ಮೊರ ಇಳಿಸಿದಮೇಲೂ ಅವಳು ಇಳಿಯಲು ಒಪ್ಪುತ್ತಿರಲಿಲ್ಲ. ಇನ್ನೊಂದು ಸುತ್ತು, ಇನ್ನೊಂದು ಸುತ್ತು ಎಂದು ಕಾಡುತ್ತಿದ್ದಳು. ಅರವತ್ತೈದು ದಾಟಿದ, ದನ, ಹೊಲ, ಒಲೆ ಬಿಟ್ಟು ಬೇರೆ ಕಾಣದ ಹೆಂಗಸು. ಅವಳಿಗೆಂದೇ ಇದ್ದ ಮಜಾ ಅದೊಂದೇ.

ಇಷ್ಟು ಸುಖವಾಗಿದ್ದವನಿಗೆ ಮೈ ಪರಚಿಕೊಳ್ಳುವ ಬುದ್ಧಿ ಬಂತು. ನೌಕಾಪಡೆಯ ಹಳೇ ಗೆಳೆಯನೊಬ್ಬ ಕಡೂರಿನಲ್ಲಿ ಮದುವೆಗೆ ಬಂದವನು ಎಮ್ಮೆಯನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಮೊಬೈಲಿನಲ್ಲಿ ರೇಸ್ ದೋಣಿಗಳ ವಿಡಿಯೋ ತೋರಿಸಿದ. ಒಂದು ಒಡಲು ಗಾಳಿಯಲ್ಲಿ, ಇನ್ನೊಂದು ನೀರಿನಲ್ಲಿ, ಹೊರಗೆ ತಂತಿ ಹಿಡಿದು ನೇತಾಡುವ ಜನ. ಆ ವಾರವಿಡೀ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಆಷಾಢ ಹುಟ್ಟುವುದರೊಳಗೆ ಕರಾವಳಿಯ ಯಾರದೋ ಕೈಯಿಂದ ಅಂಥದ್ದೊಂದು ಹಳೇ ದೋಣಿ ಲಾರಿಯಲ್ಲಿ ಬಂದಿಳಿಯಿತು. ಬೆಳ್ಳಗೆ, ತೆಳ್ಳಗೆ, ಚೂಪು ಮೂತಿ. ಕೂರಲು ಹಲಗೆ ಇಲ್ಲ, ಬಿಗಿದ ಬಲೆಬಟ್ಟೆ. ನೀರೊಳಗೆ ಇಳಿಬಿಡಲು ಕತ್ತಿಯಂಥ ಎರಡು ಹಲಗೆ. ಅಕ್ಕ ಸುತ್ತ ಒಂದು ಸಲ ತಿರುಗಿ ನೋಡಿ, "ಕೊಕ್ಕರೆ ತಂದಿದೀಯ" ಅಂದಳು. "ನಿಮ್ ಭಾವ ಎಲ್ ಕೂರ್ತಾರೆ?"

"ಇದ್ರಲ್ಲಿ ಮೂರು ಜನಕ್ಕೆ ಆಗಲ್ಲಕ್ಕ. ಭಾರ ಜಾಸ್ತಿಯಾದ್ರೆ ಓಡಲ್ಲ."

ಭಾವ ಹಿಂದಕ್ಕೆ ಸರಿದು ನಿಂತರು. ನಾನು ಬಿಚ್ಚಿ ಹಾಕಿದ ಎಮ್ಮೆಯ ಎರಡು ಒಡಲನ್ನು ನೋಡುತ್ತಾ, "ಇವನ್ನ ಬಿಸಾಡ್ತೀಯೇನಪ್ಪಾ? ಕಲಗಚ್ಚಿಗೆ ಆಗ್ತವೆ" ಅಂದರು. ನಾನು, "ಹೊತ್ಕಂಡೋಗಿ ಭಾವ" ಅಂದೆ. ಎರಡೂ ಅವರ ಕೊಟ್ಟಿಗೆಯಲ್ಲಿ ದನಕ್ಕೆ ಕಲಗಚ್ಚು ಹುಯ್ಯುವ ಬಾನಿಗಳಾದವು.

ಆಷಾಢದ ಗಾಳಿ ನಮ್ಮ ಬಯಲಿನಲ್ಲಿ ಹೇಗೆ ಬೀಸುತ್ತದೆ ಅಂದರೆ ತಲೆಯ ಮೇಲಿನ ಟವೆಲ್ಲು ನಿಲ್ಲುವುದಿಲ್ಲ. ಅಂಥ ಗಾಳಿ ಇಟ್ಟುಕೊಂಡು ನಾನು ನೀರಿನ ಮೇಲೆ ಇದ್ದದ್ದಕ್ಕಿಂತ ದಡದಲ್ಲಿ ಮಂಡಿಯೂರಿ ಕೂತಿದ್ದದ್ದೇ ಹೆಚ್ಚು. ತಂತಿ ಬಿಗಿ ಮಾಡು, ನಟ್ಟು ತಿರುಗಿಸು, ಹಾಯಿ ತೊಳೆದು ಒಣಗಿಸು, ಬಿಸಿಲು ಬೀಳದಂತೆ ಮುಚ್ಚು. ಒಂದು ಜಾಲಿ ಮುಳ್ಳು ಕೀರಿದರೆ ಸಾಕು, ಕೊಕ್ಕರೆಯ ಹೊಟ್ಟೆ ಸೀಳುತ್ತಿತ್ತು. ಆಗ ಮರಳುಕಾಗದದಲ್ಲಿ ಉಜ್ಜು, ಗಾಜುನಾರಿನ ಬಟ್ಟೆ ಹಚ್ಚು, ರೆಸಿನ್ ಬಳಿ. ಕೈಗೆಲ್ಲ ನವೆ. ಆ ಗೆಳೆಯ ನನ್ನನ್ನು ದೋಣಿಯವರ ವಾಟ್ಸಾಪ್ ಗುಂಪಿಗೆ ಬೇರೆ ಸೇರಿಸಿದ್ದ. ಬೆಳಗಾಗೆದ್ದರೆ ಅಲ್ಲಿ ನನ್ನ ವೇಗ ಎಷ್ಟು, ನಿನ್ನ ವೇಗ ಎಷ್ಟು ಅನ್ನುವುದೊಂದೇ ಮಾತು. ನೀರು ಹೇಗಿತ್ತು, ಹಕ್ಕಿ ಬಂದಿತ್ತಾ ಎಂದು ಒಬ್ಬನೂ ಕೇಳಿದ್ದು ಕಾಣೆ. ನಾನೂ ಕೇಳಲಿಲ್ಲ ಬಿಡಿ. ಏರಿಯ ಮೇಲೆ ಡ್ರೋನ್ ಹಾರಿಸುವವರು ಬಂದರೆ ಹೊಟ್ಟೆ ಒಳಗೆಳೆದು ತಂತಿ ಹಿಡಿದು ನೇತಾಡುತ್ತಿದ್ದೆ. ಥೂ, ಐವತ್ತೆಂಟು ವರ್ಷದ ಮುದುಕ.

ಮಜಾ ಇತ್ತೇ ಎಂದು ಕೇಳಿದರೆ, ಇರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ಮಾತ್ರ ಆಗುತ್ತಿರಲಿಲ್ಲ. ಅಷ್ಟೆಲ್ಲ ಮೆರೆದಮೇಲೆ ಎಮ್ಮೆಯೇ ಚೆನ್ನಾಗಿತ್ತು ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು?

ಹಸ್ತ ಮಳೆ ಹಿಡಿದುಕೊಂಡ ನಾಲ್ಕನೇ ದಿನ ಕೆರೆ ಕೋಡಿ ಬಿತ್ತು. ಅಕ್ಕ ಬಾಗಿನ ಸಿದ್ಧ ಮಾಡಿಕೊಂಡು ಫೋನ್ ಮಾಡಿದಳು. ಹೋದೆ. ಸೀರೆಯ ಮೇಲೆ ಅವಳಿಗೆ ಕಿತ್ತಳೆ ಬಣ್ಣದ ತೇಲುವ ಜಾಕೆಟ್ಟು ಕಟ್ಟಿದೆ. ಆ ದಿನ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಲೆಬಟ್ಟೆಯ ಮೇಲೆ ಕೂತರೆ ಕೆಳಗಿನಿಂದ ನೀರು ಚಿಮ್ಮಿ ಸೀರೆಯೆಲ್ಲ ಒದ್ದೆಯಾಯಿತು. ಅವಳು ಎರಡು ಮೊರ ಕವುಚಿ ಕಟ್ಟಿದ ಬಾಗಿನವನ್ನು ಎದೆಗೆ ಅವುಚಿಕೊಂಡು, "ಮೆಲ್ಲಗೆ ಕಣೋ ಓಂಕಾರ" ಎನ್ನುತ್ತಲೇ ಇದ್ದಳು. ಏರಿಯ ತುಂಬ ಜನ. ಮೊಬೈಲ್ ಎತ್ತಿ ಹಿಡಿದಿದ್ದರು. ಮೆಲ್ಲಗೆ ಹೋಗಲು ನನಗೆ ಮನಸ್ಸಾಗಲಿಲ್ಲ. ಹಾಯಿ ಬಿಗಿ ಎಳೆದೆ. ಕೊಕ್ಕರೆ ಒಂದು ಕಾಲು ಎತ್ತಿತು.

ದಡದಲ್ಲಿ ಭಾವ ಟವೆಲ್ಲು ಬೀಸಿ ಏನೋ ಕೂಗಿದ್ದು ಕಂಡಿತು. ಗಾಳಿಯಲ್ಲಿ ಕೇಳಿಸಲಿಲ್ಲ. ಆಮೇಲೆ ಗೊತ್ತಾಯಿತು, ಅವರು ಕೂಗಿದ್ದು "ಎಡಕ್ಕೆ" ಎಂದು. ಕೆಂದನ ಕೊಂಬು ಸಿಕ್ಕಿಕೊಂಡಿದ್ದ ಜಾಲಿ ಅಲ್ಲೇ ಇತ್ತು. ನೀರೊಳಗಿನ ಹಲಗೆ ಬೊಡ್ಡೆಗೆ ಹೋಗಿ ಬಡಿಯಿತು. ದೋಣಿ ನಿಂತಲ್ಲೇ ನಿಂತಿತು, ನಾವು ಮಾತ್ರ ನಿಲ್ಲಲಿಲ್ಲ. ನಾನು ಹಗ್ಗ ಹಿಡಿದಿದ್ದವನು ಅದಕ್ಕೇ ಜೋತುಬಿದ್ದೆ. ಅಕ್ಕ ಮೊರ ಹಿಡಿದುಕೊಂಡ ಹಾಗೇ ಮುಂದಕ್ಕೆ ಹಾರಿ ನೀರಿಗೆ ಬಿದ್ದಳು.

ಇದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ. ಅವಳು ಬಿದ್ದದ್ದನ್ನು ಕಣ್ಣಾರೆ ಕಂಡಿದ್ದರೂ ನಾನು ಬಗ್ಗಿ ದೋಣಿಯ ಹೊಟ್ಟೆ ನೋಡಿದೆ. ಎಲ್ಲಿ ಸೀಳಿತು, ಎಷ್ಟು ಸೀಳಿತು ಎಂದು ಕೈಯಾಡಿಸಿದೆ. ಎರಡೋ ಮೂರೋ ಉಸಿರಿನ ಹೊತ್ತು, ಅಷ್ಟೆ. ತಲೆಯೆತ್ತಿದಾಗ ಅಕ್ಕ ಜಾಕೆಟ್ಟಿನಿಂದಾಗಿ ತೇಲುತ್ತಾ ನನ್ನನ್ನೇ ನೋಡುತ್ತಿದ್ದಳು. ಸೆರಗು ಜಾಲಿಗೆ ಸಿಕ್ಕಿಕೊಂಡಿತ್ತು. ಕೂಗಲಿಲ್ಲ. ನಾನು ಧುಮುಕಿ ಸೆರಗು ಬಿಡಿಸುವಷ್ಟರಲ್ಲಿ ಮೀನು ಹಿಡಿಯುವ ರಂಗಪ್ಪ ಹರಿಗೋಲು ತಂದ. ಅವಳು ಅವನ ಕೈ ಹಿಡಿದು ಹತ್ತಿದಳು. ನನ್ನ ಕೈ ಅಲ್ಲೇ ಚಾಚಿಕೊಂಡಿತ್ತು. ಬಾಗಿನದ ದಾರ ಕಳಚಿ, ಬಳೆ, ಕಾಯಿ, ಅರಿಶಿನ, ಅಕ್ಕಿ ಎಲ್ಲ ಪಾಚಿಯ ಮೇಲೆ ಚೆಲ್ಲಾಪಿಲ್ಲಿಯಾಗಿತ್ತು.

ಎರಡು ದಿನ ಅವಳಿಗೆ ಜ್ವರ. ಮೂರನೆಯ ದಿನ ನೋಡಲು ಹೋದೆ. ಗೋಡೆಗೆ ಒರಗಿ ಕೂತಿದ್ದಳು, ಕೈಮೇಲೆಲ್ಲ ಮುಳ್ಳಿನ ಗೀರು. ನಾನು ಗಾಳಿ, ಬೊಡ್ಡೆ, ಹಲಗೆ ಎಂದು ಶುರುಮಾಡಿದೆ.

"ಅದೆಲ್ಲ ಬುಡು" ಅಂದಳು. "ನೀನ್ ಮೊದ್ಲು ಏನ್ ನೋಡ್ದೆ ಅಂತ ನಾನ್ ನೋಡ್ದೆ."

ನಾನು ಅವಳ ಕೈಮೇಲಿನ ಗೀರುಗಳನ್ನು ನೋಡುತ್ತಾ ಕೂತೆ.

"ನನ್ ಬಾಗಿನ ಕೊಡಿಸ್ತೀನಿ ಅಂತ ಅಲ್ಲ ಕಣೋ ನೀನ್ ಕರ್ಕಂಡೋಗಿದ್ದು. ಏರಿ ಮೇಲಿರೋರ್ಗೆ ತೋರ್ಸಕ್ಕೆ. ಬಾಗಿನ ಬಿತ್ತು, ಕೊಟ್ಟಂಗಾಗ್ಲಿಲ್ಲ. ಗಂಗಮ್ಮನ್ ಮುಂದೆ ಚೆಲ್ಬುಟ್ ಬಂದಂಗಾಯ್ತು." ಅವಳ ಕಣ್ಣು ತುಂಬಿತು. "ಕೋಡಿ ನಿಲ್ಲೋದ್ರೊಳಗೆ ಕೊಡ್ಬೇಕು. ರಂಗಪ್ಪನ್ ಹರಿಗೋಲ್ ಗಿರಗಿರ ತಿರುಗ್ತದೆ, ನಂಗ್ ತಲೆಸುತ್ತು. ಏರಿ ಮೇಲಿಂದ ಬಿಡೋಕೆ ಮನಸಿಲ್ಲ. ನಿನ್ ಕೊಕ್ಕರೆ ಮ್ಯಾಲಂತೂ ನಾನ್ ಸತ್ರೂ ಕೂರಲ್ಲ."

ನಾನು ಎದ್ದು ಹಿತ್ತಲಿಗೆ ಹೋದೆ. ಕೊಟ್ಟಿಗೆಯಲ್ಲಿ ಭಾವ ಇದ್ದರು. ಬಾನಿಗಳತ್ತ ನೋಡಿದೆ. ಭಾವ ದನಗಳನ್ನು ಬಿಚ್ಚಿ ಆಚೆ ಕಟ್ಟಿದರು.

ಮೂರು ತಿಂಗಳ ಕಲಗಚ್ಚು ಎಂದರೆ ಏನು ಎಂದು ಕೊಟ್ಟಿಗೆ ಇದ್ದವರಿಗೆ ಗೊತ್ತು. ಹುಳಿತ ಅನ್ನ, ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಹಿಂಡಿ, ಎಲ್ಲ ಸೇರಿ ಒಳಮೈಗೆ ಹಾವಸೆಯ ಹಾಗೆ ಮೆತ್ತಿಕೊಂಡಿತ್ತು. ಮೂಲೆಗಳಲ್ಲಿ ಬಿಳೀ ಹುಳ ಮಿಜಿಮಿಜಿ. ಕೆರೆದು ಕೆರೆದು ಎರಡು ಸಲ ಹಿತ್ತಲ ಬೇಲಿಯ ಹತ್ತಿರ ಓಡಿ ವಾಂತಿ ಮಾಡಿಕೊಂಡು ಬಂದೆ. ಭಾವ, "ಬುಡಪ್ಪಾ, ಆಳ್ ಕರೆಸಣ" ಅಂದರು. ಬೇಡ ಅಂದೆ. ಆ ನಾತದಲ್ಲಿ ಮಂಡಿಯೂರಿ ಕೂತು ಕೆರೆಯುವಾಗ ನನಗೆ ಒಂದು ಥರ ಸಮಾಧಾನವಾಗುತ್ತಿತ್ತು. ಕೊಕ್ಕರೆಯ ಮುಂದೆ ಮಂಡಿಯೂರಿದಾಗ ಆ ಸಮಾಧಾನ ಒಂದು ದಿನವೂ ಆಗಿರಲಿಲ್ಲ.

ಕೆರೆದು, ಒಣಗಿಸಿ, ಡಾಂಬರು ಬಳಿದು, ಗಳ ಬಿಗಿಯಲು ಹದಿಮೂರು ದಿನ ಹಿಡಿಯಿತು. ಅಂಗಡಿಗೆ ಬೀಗ ಹಾಕಿದ್ದೆ. ರಾತ್ರಿ ಅಜ್ಜಂಪುರಕ್ಕೆ ಹೋಗಿ ಬೆಳಿಗ್ಗೆ ಮೊದಲ ಬಸ್ಸಿಗೆ ಮರಳುತ್ತಿದ್ದೆ. ಬಸ್ಸಿನಲ್ಲಿ ಇದ್ದಾಗಲೇ ಭಾವನ ಫೋನು: "ಇವತ್ತು ಕೋಡಿ ಮೊಣಕಾಲುದ್ದ ಐತೆ." ನಾಲ್ಕು ದಿನ ಬಿಟ್ಟು, "ಕಣಕಾಲ್ ಮಟ ಬಂತು ಕಣಪ್ಪಾ." ಕೊನೆಗೆ, "ಪಾದ ನೆನೀತದೆ ಅಷ್ಟೆ, ನಾಳೆ ಇರ್ತದೋ ಇಲ್ವೋ."

ಹದಿನಾಲ್ಕನೆಯ ಬೆಳಿಗ್ಗೆ ಎಮ್ಮೆ ನೀರಿನಲ್ಲಿತ್ತು. ಮೊದಲಿಗಿಂತ ಕುರೂಪವಾಗಿತ್ತು. ಟಾರ್ಪಾಲಿಗೆ ಎರಡು ತೇಪೆ, ಅದೂ ನೀಲಿ ಬಣ್ಣದ್ದು. ಎಷ್ಟು ತೊಳೆದರೂ ಒಳಗೆ ಹುಳಿ ನಾತ ಇದ್ದೇ ಇತ್ತು. ಅಕ್ಕನನ್ನು ಕರೆಯಲು ನನಗೆ ಧೈರ್ಯ ಸಾಲಲಿಲ್ಲ, ಭಾವನೇ ಹೋದರು. ಅರ್ಧ ಗಂಟೆ ಯಾರೂ ಬರಲಿಲ್ಲ. ಕಾಲ ಬಳಿ ಸತ್ತ ಮೀನು, ಗುಟ್ಕಾ ಚೀಟಿ, ಯಾರೋ ಬಿಸಾಡಿದ ಚಪ್ಪಲಿ ತೇಲುತ್ತಿದ್ದವು. ಅದನ್ನು ನೋಡುತ್ತಾ, ಇವಳು ಬರುವುದಿಲ್ಲ, ಇನ್ನು ಯಾವತ್ತೂ ಬರುವುದಿಲ್ಲ ಎಂದು ಲೆಕ್ಕ ಹಾಕಿಕೊಂಡು ನಿಂತಿದ್ದೆ.

ಬಂದಳು. ಸೊಂಟದ ಮೇಲೆ ಹೊಸ ಮೊರದ ಬಾಗಿನ. ನನ್ನ ಮುಖ ನೋಡದೆ ಎಮ್ಮೆಯ ಹತ್ತಿರ ಹೋಗಿ ಕಾಲಿನಿಂದ ಅದರ ಪಕ್ಕೆ ಒದ್ದಳು. ಇನ್ನೊಂದು ಪಕ್ಕಕ್ಕೂ ಒದ್ದಳು. ಮೂಗಿಗೆ ಸೆರಗು ಹಿಡಿದು, "ಥೂ, ಕಲಗಚ್ಚು" ಅಂದಳು. ಆಮೇಲೆ ಜಾಕೆಟ್ಟು ತಾನೇ ಕಟ್ಟಿಕೊಂಡು ಹತ್ತಿ ತನ್ನ ಜಾಗದಲ್ಲಿ ಕೂತಳು.

ನಾನು ಹಿಂದೆ ಚುಕ್ಕಾಣಿಯ ಕಡೆ ಹೋದೆ. "ಅಲ್ಲಿಗ್ ಬೇಡ" ಅಂದಳು. "ಅದನ್ನ ನಿಮ್ ಭಾವ ಹಿಡೀಲಿ. ನೀನ್ ಮುಂದೆ ಕೂತ್ಕಂಡು ಜಾಲಿ ನೋಡು."

"ಅವರಿಗೆ ಬರಲ್ಲಕ್ಕ."

"ನಿಂಗ್ ಬತ್ತಿತ್ತಾ?"

ನಾನು ಮುಂದೆ ಹೋಗಿ ಕೂತೆ.

ಭಾವನಿಗೆ ಚುಕ್ಕಾಣಿಯ ತಲೆಬುಡ ತಿಳಿಯದು. ಎಮ್ಮೆ ಒಮ್ಮೆ ಅತ್ತ, ಒಮ್ಮೆ ಇತ್ತ ಹೋಯಿತು. ಹಾಯಿ ಪಟಪಟ ಹೊಡೆದುಕೊಂಡು ಒಂದು ಸಲ ಅವರ ತಲೆಯ ಟವೆಲ್ಲನ್ನು ಬೀಳಿಸಿತು. ಅವರು ಕೆಂಪು ಬಾಯಿ ತೆರೆದು ನಕ್ಕರು. ನಾನು ಹಗ್ಗಕ್ಕೆ ಕೈಹಾಕದೆ ಕೈ ತೊಡೆಗಳ ನಡುವೆ ಸಿಕ್ಕಿಸಿಕೊಂಡು ಕೂತೆ. ಹಾಗೂ ಹೀಗೂ ಕೆರೆಯ ನಡುವೆ ಬಂದೆವು. ಅಲ್ಲಿ ಪ್ಲಾಸ್ಟಿಕ್ ಇರಲಿಲ್ಲ, ನಾತ ಇರಲಿಲ್ಲ. ಅಕ್ಕ ಬಾಗಿನಕ್ಕೆ ಕೈಮುಗಿದು, ಮೊಣಕೈವರೆಗೆ ನೀರಿನಲ್ಲಿ ಅದ್ದಿ, ಮಗುವನ್ನು ಮಲಗಿಸುವ ಹಾಗೆ ಇಳಿಸಿದಳು. ಮೊರ ಒಂದೆರಡು ಕ್ಷಣ ತೇಲಿ, ಓರೆಯಾಗಿ, ಒಳಗೆ ಹೋಯಿತು.

ಭಾವ ದೋಣಿಯನ್ನು ದಡದ ಕಡೆ ತಿರುಗಿಸಲು ಹೆಣಗುತ್ತಿದ್ದರು. ಅಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, "ಯಾಕಷ್ಟ್ ಅವಸ್ರ? ಇನ್ನೊಂದ್ ಸುತ್ ಹಾಕಿ" ಅಂದಳು.

ಆ ಎರಡನೆಯ ಸುತ್ತಿನಲ್ಲೇ ಬಡಿದದ್ದು. ನೀರೊಳಗಿನ ಜಾಲಿ ನನ್ನ ಕಣ್ಣಿಗೆ ಎಲ್ಲಿ ಕಾಣಬೇಕು, ನಾನೇನು ಅಲ್ಲಿ ದನ ಮೇಯಿಸಿದ್ದೆನೇ? ಢಬ್ ಎಂದು ಎಡಗಡೆಯ ಒಡಲಿಗೆ ಬೊಡ್ಡೆ ಹೊಡೆದು ಎಮ್ಮೆ ಪೂರ್ತಿ ನಡುಗಿತು. ಕೆಳಗಿನಿಂದ ಕರಕರ ಸದ್ದು. ನಾನು ಗಕ್ಕನೆ ಹಿಂದೆ ತಿರುಗಿ ಅಕ್ಕನನ್ನು ನೋಡಿದೆ.

ಅವಳು ಹಲಗೆಯ ಅಂಚು ಹಿಡಿದುಕೊಂಡು ಕೂತಿದ್ದಳು. ನನ್ನನ್ನೇ ನೋಡುತ್ತಿದ್ದಳು, ಆ ದಿನ ನೀರಿನಿಂದ ನೋಡಿದ್ದಳಲ್ಲ, ಅಷ್ಟೇ ನೆಟ್ಟಗೆ. ಕರಕರ ಸದ್ದು ಹಿಂದೆ ಸರಿದು ನಿಂತಿತು.

"ನಾನ್ ಇಲ್ಲೇ ಇದೀನಿ ಕಣೋ" ಅಂದಳು. "ಮುಂದೆ ನೋಡು."